ಬೇಗೂರಿನ ಕಲ್ಲುಗಳ ಕಡೆಗೆ ಒಂದು ದಿನ

ಯಾತ್ರೆ ಎಂದೊಡನೆ ನಮ್ಮ ಮನಸ್ಸು ಶ್ರವಣಬೆಳಗೊಳಕ್ಕೋ, ಮೂಡುಬಿದಿರೆಗೋ, ಸಮ್ಮೇದಶಿಖರಕ್ಕೋ ಹೊರಡುತ್ತದೆ. ಅದು ಸಹಜವೂ ಯೋಗ್ಯವೂ ಆದ ಆಸೆ. ಆದರೆ ರಜೆ ಬಂದಾಗ ಹಣ ತೆತ್ತು ದೂರ ಹೋಗಲಾರದಿದ್ದರೆ ದಿನವೇ ವ್ಯರ್ಥವಾಯಿತೆಂದು ಕೊರಗುವ ಅಭ್ಯಾಸವೂ ನಗರವಾಸಿಗಳಾದ ನಮ್ಮಲ್ಲಿ ಬೆಳೆದಿದೆ. ಇದ್ದೂರಿನಲ್ಲಿ ನೋಡುವುದಕ್ಕೆ ಏನಿದೆ ಎಂಬುದು ಎಲ್ಲ ಮನೆಗಳಲ್ಲಿಯೂ ಕೇಳಿಬರುವ ಮಾತು. ದಕ್ಷಿಣ ಬೆಂಗಳೂರಿನ ಕೋಣನಕುಂಟೆಯಲ್ಲಿ ನಿಂತು ಈ ಮಾತನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕನಕಪುರ ರಸ್ತೆಯ ಅಂಚಿನ ಈ ಊರು ಈಗ ಮಹಾನಗರದ ಒಂದು ಬಡಾವಣೆ. 2021ರ ಜನವರಿಯಿಂದ ಮೆಟ್ರೋ ರೈಲು ಕೋಣನಕುಂಟೆ ಕ್ರಾಸಿನಲ್ಲಿ ನಿಲ್ಲುತ್ತಿದೆ. ಆದರೆ ಹೆಸರು ಮಾತ್ರ ಹಳೆಯದನ್ನು ಬಿಟ್ಟುಕೊಟ್ಟಿಲ್ಲ. ಕುಂಟೆಯೆಂದರೆ ಕೆರೆಗಿಂತ ಚಿಕ್ಕದಾದ ನೀರಿನ ತಾಣ. ಊರಿನ ಹೆಸರಿನಲ್ಲಿ ಕೋಣವೂ ಇದೆ, ಅದು ಇಳಿಯುವ ನೀರೂ ಇದೆ. ಪಕ್ಕದ ದೊಡ್ಡಕಲ್ಲಸಂದ್ರದ ‘ಸಂದ್ರ’ವು ಸಮುದ್ರ ಶಬ್ದದ ತದ್ಭವ. ಕಟ್ಟಿಸಿದ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆ. ನದಿಯಿಲ್ಲದ ಈ ಬಯಲಿನಲ್ಲಿ ನೀರನ್ನು ಹಿಡಿದಿಟ್ಟವರ ಶ್ರಮವು ಊರುಗಳ ಹೆಸರಿನಲ್ಲಿಯೇ ದಾಖಲಾಗಿದೆ. ಹೆಸರನ್ನು ಓದುವುದಕ್ಕೆ ಟಿಕೇಟು ಬೇಕಿಲ್ಲ. ಇದೇ ನಮ್ಮ ಸಂಚಾರದ ಮೊದಲ ಪಾಠ.

ಶ್ರಾವಕನ ವ್ರತಗಳಲ್ಲಿ ದಿಗ್ವ್ರತ ಮತ್ತು ದೇಶವ್ರತಗಳೆಂಬ ಎರಡಿವೆ. ತಾನು ಸಂಚರಿಸುವ ದಿಕ್ಕುಗಳಿಗೆ ಜೀವಮಾನಕ್ಕೆ ಎಲ್ಲೆ ಹಾಕಿಕೊಳ್ಳುವುದು ಮೊದಲನೆಯದು. ನಿಯತ ಕಾಲದವರೆಗೆ ಆ ಎಲ್ಲೆಯನ್ನು ಇನ್ನೂ ಕಿರಿದುಗೊಳಿಸುವುದು ಎರಡನೆಯದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮನೆ, ಊರು, ಹೊಲ, ನದಿ, ಕಾಡು ಮುಂತಾದವುಗಳನ್ನು ಇಂತಹ ಎಲ್ಲೆಗಳೆಂದು ಹೇಳುತ್ತದೆ. ಎಲ್ಲೆ ಹಾಕಿಕೊಳ್ಳಬೇಕಾದರೆ ಸುತ್ತಲಿನ ನೆಲದ ಪರಿಚಯವಿರಬೇಕಷ್ಟೆ. ನಮ್ಮ ಮನೆಯಿಂದ ಪೂರ್ವಕ್ಕೆ ಯಾವ ಕೆರೆ, ಪಶ್ಚಿಮಕ್ಕೆ ಯಾವ ಗುಡ್ಡ ಎಂದು ಮಕ್ಕಳನ್ನು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಿಯಾರು? ಹಿರಿಯರಾದರೂ ಹೇಳಿಯಾರೆ?

ಕೋಣನಕುಂಟೆಯಿಂದ ಹೊರಡುವವರಿಗೆ ಹತ್ತಿರದಲ್ಲಿಯೇ ವಸಂತಪುರದ ಗುಡ್ಡ ಮತ್ತು ಅದರ ಮೇಲಿನ ವಸಂತವಲ್ಲಭರಾಯ ಸ್ವಾಮಿಯ ದೇವಾಲಯವಿದೆ. ಪಶ್ಚಿಮಕ್ಕೆ ತುರಹಳ್ಳಿಯ ಕಾಡು. ಪೂರ್ವಕ್ಕೆ ತಿರುಗಿ ಅರೆಕೆರೆ, ಹುಳಿಮಾವುಗಳ ಮಾರ್ಗವಾಗಿ ಸುಮಾರು ಹತ್ತು ಕಿಲೋಮೀಟರು ಕ್ರಮಿಸಿದರೆ ಬೇಗೂರು. ಹುಳಿಮಾವಿನಲ್ಲಿ ಬಂಡೆಯ ಗುಹೆಯೊಳಗಿನ ರಾಮಲಿಂಗೇಶ್ವರನ ಗುಡಿಯನ್ನೂ ಅಲ್ಲಿನ ಕೆರೆಯನ್ನೂ ನೋಡಬಹುದು. 2019ರ ನವೆಂಬರಿನಲ್ಲಿ ಈ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತ್ತು. ಕೆರೆಯನ್ನು ಕಾಯುವುದು ಒಂದು ಕಾಲದಲ್ಲಿ ಊರಿನ ಧರ್ಮವಾಗಿತ್ತೆಂಬುದು ಅದರ ಏರಿಯ ಮೇಲೆ ನಿಂತಾಗ ಬರಿಯ ಬೋಧನೆಯ ಮಾತಾಗಿ ಕೇಳುವುದಿಲ್ಲ.

ಬೇಗೂರಿನ ಪ್ರಾಚೀನ ಹೆಸರು ಬೆಂಪೂರು. ಗಂಗ ಅರಸರ ಕಾಲದಲ್ಲಿ ಇದು ಹನ್ನೆರಡು ಹಳ್ಳಿಗಳ ಆಡಳಿತ ಘಟಕಕ್ಕೆ ಮುಖ್ಯ ಸ್ಥಳ. ಇಲ್ಲಿಯ ದೇವಾಲಯ ಸಮುಚ್ಚಯದಲ್ಲಿ ಗಂಗರ ಕಾಲದ ನಾಗೇಶ್ವರ, ನಾಗರೇಶ್ವರ ಗುಡಿಗಳಿವೆ. ಚೋಳರ ಕಾಲದಲ್ಲಿ ಸೇರಿದ ಗುಡಿಗಳೂ ಇವೆ. ಆವರಣದಲ್ಲಿರುವ ಒಂದು ಶಾಸನಶಿಲೆಯಿಂದ ಈ ಊರು ಪ್ರಸಿದ್ಧವಾಗಿದೆ. ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಈ ಶಾಸನವು ನಾಗತ್ತರನೆಂಬ ನಾಯಕನ ಮನೆಗೆ ಸೇರಿದವನೊಬ್ಬನು ‘ಬೆಂಗಳೂರು ಕಾಳಗ’ದಲ್ಲಿ ಮಡಿದನೆಂದು ತಿಳಿಸುತ್ತದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟಳೆಂಬ ಕಥೆಗಿಂತಲೂ, 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆಗಳನ್ನು ಕಟ್ಟಿಸಿದುದಕ್ಕಿಂತಲೂ ಶತಮಾನಗಳಷ್ಟು ಹಿಂದೆಯೇ ಬೆಂಗಳೂರೆಂಬ ಹೆಸರು ಇತ್ತೆಂಬುದು ಇದರಿಂದ ಸಿದ್ಧವಾಯಿತು.

ಬೇಗೂರಿನ ಇನ್ನೊಂದು ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆನೆ ಕುದುರೆಗಳ ಘೋರ ಯುದ್ಧವನ್ನು ಕಿಕ್ಕಿರಿದು ಕೆತ್ತಿರುವ ಶಿಲೆ ಅದು. ವೀರಮಹೇಂದ್ರನ ವಿರುದ್ಧ ಕಾದುತ್ತಿದ್ದ ಅಯ್ಯಪದೇವನಿಗೆ ನೆರವಾಗಲು ಗಂಗ ಎರೆಯಪ್ಪನು ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಹೋರಾಡಿ ಮಡಿದನು. ಆಗ ಅರಸನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನು. ನಾಗತ್ತರ ಎಂಬುದು ಹೀಗೆ ಪಟ್ಟದ ಹೆಸರೂ ಆದುದರಿಂದ ಎಲ್ಲ ಕಲ್ಲುಗಳ ನಾಗತ್ತರನು ಒಬ್ಬನೇ ಎಂದು ಹಟ ಹಿಡಿಯಬೇಕಿಲ್ಲ. ಈ ಹೆಸರನ್ನು ಧರಿಸಿದ ನಾಯಕರು ಬೇಗೂರನ್ನು ಆಳಿದರೆಂದರೆ ಸಾಕು.

ಇವೆರಡರ ಜೊತೆಗೆ ಬೇಗೂರಿನಲ್ಲಿ ಮೂರನೆಯದೊಂದು ಶಾಸನ ದೊರೆತಿದೆ. ನಾಗತ್ತರನ ಮಗಳು ತೊಂಡಬ್ಬೆ ಸಂನ್ಯಸನವನ್ನು ಕೈಗೊಂಡು ದೇಹತ್ಯಾಗ ಮಾಡಿದಳೆಂದು ಅದು ಹೇಳುತ್ತದೆ. ಯುದ್ಧದ ಕಲ್ಲುಗಳನ್ನು ನೋಡಲು ಬರುವವರು ಅನೇಕರಿದ್ದಾರೆ. ಒಂದು ನಗರದ ಹೆಸರನ್ನೂ ಇನ್ನೊಂದು ಅರಸರ ಹೆಸರುಗಳನ್ನೂ ಹೊತ್ತು ನಿಂತಿದೆ. ತೊಂಡಬ್ಬೆಯ ನೆನಪು ಉಳಿದಿರುವುದು ಶಾಸನಗಳ ಪಾಠವನ್ನು ಓದಿಕೊಂಡು ಹೋಗುವ ಕೆಲವರಲ್ಲಿ ಮಾತ್ರ. ಹತ್ತು ಕಿಲೋಮೀಟರಿನಾಚೆಯ ಈ ಹೆಣ್ಣುಮಗಳ ಹೆಸರನ್ನು ನಮ್ಮ ಸಮಾಜದ ಮನೆಗಳಲ್ಲಿಯೂ ಕೇಳುವುದು ಅಪರೂಪವೆಂಬುದೇ ಲೇಖಕನಿಗೆ ನೋವಿನ ಸಂಗತಿ.

ಒಂದೇ ಮನೆತನದಲ್ಲಿ ರಣರಂಗದ ಸಾವೂ ಸಂನ್ಯಸನದ ಮರಣವೂ ಹೇಗೆ ಕೂಡಿದುವು? ಗಂಗರ ಕಾಲದ ಜೈನಧರ್ಮವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನೇ ಗಂಗರ ಸೇನಾಪತಿ. ಗೃಹಸ್ಥನಿಗೆ ಒದಗುವ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪಿ, ಆರಂಭೀ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದರು. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಲೇಬೇಕು. ನಾಡಿನ ರಕ್ಷಣೆಗಾಗಿ ಎದುರಿಸುವ ವಿರೋಧಿ ಹಿಂಸೆಯನ್ನು ಅವನು ಪೂರ್ಣವಾಗಿ ತಪ್ಪಿಸಲಾರನು. ಆದರೆ ತಪ್ಪಿಸಲಾಗದುದು ಎಂಬ ಮಾತ್ರಕ್ಕೆ ಅದು ಪುಣ್ಯವಾಗುವುದಿಲ್ಲ. ನಾಗತ್ತರನಂಥವರ ಮನೆಯಲ್ಲಿ ಬಾಳಿದ ತೊಂಡಬ್ಬೆ ಯುದ್ಧದ ಸುದ್ದಿಯನ್ನು ಕೇಳದೆ ಇದ್ದಿರಲಾರಳು. ವೀರರನ್ನು ಗೌರವಿಸಿದ ಆ ಕಾಲದ ಜನರು ಯಾರನ್ನೂ ಕೊಲ್ಲದೆ, ಎಲ್ಲವನ್ನೂ ಬಿಟ್ಟು ಹೋದ ಹೆಣ್ಣಿಗೂ ಒಂದು ಕಲ್ಲನ್ನು ನಿಲ್ಲಿಸಿದರು. ನಾವು ಆ ಸಮತೋಲವನ್ನು ಉಳಿಸಿಕೊಂಡಿದ್ದೇವೆಯೆ ಎಂಬುದು ಬೇಗೂರಿನಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇಂತಹ ಕಲ್ಲುಗಳಿಗೆ ಕಾವಲು ಕಡಮೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ನಗರವು ಹಳ್ಳಿಗಳನ್ನು ನುಂಗುತ್ತ ಬಂದಂತೆ ಆಗ ದಾಖಲಾದ ಎಷ್ಟೋ ಶಿಲೆಗಳು ಅಡಿಪಾಯಗಳಲ್ಲಿ, ಚರಂಡಿಗಳಲ್ಲಿ ಮರೆಯಾದವು. ಮರೆಯಾದುದು ಮರಳಿ ದೊರೆತುದೂ ಉಂಟು: ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ ಬೆಳಕಿಗೆ ಬಂದುದು 2018ರಲ್ಲಿ. ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಚಿತ್ರವಾಗಿ ಉಳಿಸುವ ಕಾರ್ಯವನ್ನು ಕೈಗೊಂಡಿತು. ವಿದ್ವಾಂಸರ ಕೆಲಸ ಅದು. ಆದರೆ ಊರಿನವರು ಬಂದು ನೋಡುವ ಕಲ್ಲನ್ನು ಕೀಳಲು ಯಾರೂ ಸುಲಭವಾಗಿ ಕೈಯೆತ್ತರು. ನೋಡುವುದೂ ಒಂದು ಬಗೆಯ ರಕ್ಷಣೆ. ಇದು ಸಾಮಾನ್ಯರ ಪಾಲಿನ ಕೆಲಸ.

ಹೊರಡುವವರಿಗೆ ಸಿದ್ಧತೆ ಹೆಚ್ಚು ಬೇಕಿಲ್ಲ. ಮನೆಯ ಬುತ್ತಿ, ಸೋಸಿದ ನೀರು, ಶಾಸನದ ಪಾಠವನ್ನು ಬರೆದುಕೊಂಡ ಒಂದು ಹಾಳೆ ಇದ್ದರೆ ಸಾಕು. 2023ರ ಜೂನ್ ತಿಂಗಳಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಸಾಮಾನ್ಯ ಸಿಟಿ ಬಸ್ಸಿನಲ್ಲಿ ಖರ್ಚೂ ಇಲ್ಲ. ಕಲ್ಲಿಗೆ ಅರಿಸಿನ, ಎಣ್ಣೆ, ಸೀಮೆಸುಣ್ಣ ಹಚ್ಚಬಾರದು, ಅಕ್ಷರಗಳು ಸವೆಯುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅವು ತಾವಾಗಿಯೇ ಎದ್ದು ಕಾಣುತ್ತವೆ. ಮಕ್ಕಳು ಒಂದೊಂದೇ ಅಕ್ಷರವನ್ನು ಗುರುತಿಸಲಿ, ಅವಸರ ಬೇಡ.

ಈರ್ಯಾಸಮಿತಿಯು ನೊಗದಷ್ಟು ದೂರದ ನೆಲವನ್ನು ನೋಡಿಕೊಂಡು ನಡೆಯಬೇಕೆಂದು ಮುನಿಗಳಿಗೆ ವಿಧಿಸುತ್ತದೆ. ಇರುವೆಯ ಪ್ರಾಣವನ್ನು ಉಳಿಸುವುದಕ್ಕೆ ಹೇಳಿದ ಮಾತು ಅದು. ಗೃಹಸ್ಥರಾದ ನಾವು ತಿಂಗಳಿಗೊಂದು ದಿನವಾದರೂ ಹಾಗೆ ನೆಲ ನೋಡಿ ನಡೆದರೆ ಇರುವೆಯೂ ಉಳಿದೀತು, ಕಾಲಬುಡದ ಕಲ್ಲೂ ಕಂಡೀತು. ಮುಂದಿನ ರಜೆಯಲ್ಲಿ ಬೇಗೂರಿಗೆ ಹೋದವರು ಬೆಂಗಳೂರಿನ ಹೆಸರುಳ್ಳ ಶಿಲೆಯನ್ನು ನೋಡಿದ ಮೇಲೆ ತೊಂಡಬ್ಬೆಯ ಹೆಸರನ್ನೂ ಮಕ್ಕಳಿಗೆ ಒಮ್ಮೆ ಹೇಳಲಿ.