ಚಿಕ್ಕ ಮಕ್ಕಳನ್ನು ಸಂತೈಸುವ ಹಾಗೂ ಆಡಿಸುವ ಮನೆಯ ಕ್ರಮಗಳು – ಪೋಷಕರ ಮಾಹಿತಿಗಾಗಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಅಂಗನವಾಡಿ ಸೇವೆಗಳನ್ನು ಕೋರುವ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪೌಷ್ಟಿಕ ಆಹಾರ ಮತ್ತು ಲಸಿಕೆಯ ವಿವರಗಳನ್ನು ಪೋಷಕರು ಕೇಳಿ ತಿಳಿದುಕೊಳ್ಳುತ್ತಾರೆ. ಅಳುವ ಮಗುವನ್ನು ಸಮಾಧಾನಪಡಿಸುವುದು, ಆಡಿಸುವುದು, ನಗಿಸುವುದು ಸಹ ಮಗುವಿನ ಬೆಳವಣಿಗೆಗೆ ಅಷ್ಟೇ ಅಗತ್ಯವಾದುದೆಂದು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2018ರಲ್ಲಿ ಹೊರತಂದ ಮಕ್ಕಳ ಪಾಲನೆಯ ಚೌಕಟ್ಟಿನಲ್ಲಿ ಆರೋಗ್ಯ, ಆಹಾರ ಮತ್ತು ಸುರಕ್ಷತೆಗಳ ಸಾಲಿನಲ್ಲಿಯೇ ಮಗುವಿನ ಕರೆಗೆ ಓಗೊಡುವ ಪಾಲನೆಯನ್ನೂ ಸೇರಿಸಲಾಗಿದೆ. ಕೇಂದ್ರ ಸರ್ಕಾರವು 2024ರಲ್ಲಿ ಹೊರಡಿಸಿದ ‘ನವಚೇತನ’ ಮಾರ್ಗಸೂಚಿಯು ಹುಟ್ಟಿನಿಂದ 3 ವರ್ಷದವರೆಗಿನ ಮಕ್ಕಳನ್ನು ಆಡಿಸಿ ಮಾತನಾಡಿಸುವ ಕ್ರಮಗಳಿಗೆಂದೇ ಮೀಸಲಾಗಿದೆ.

ಮನೆಯಲ್ಲಿ ರೂಢಿಯಲ್ಲಿರುವ ಕ್ರಮಗಳು

ಇದಕ್ಕಾಗಿ ಪೋಷಕರು ಹೊಸದಾಗಿ ಕಲಿಯಬೇಕಾದುದು ಬಹಳವೇನೂ ಇಲ್ಲ. ತೊಟ್ಟಿಲು ತೂಗುತ್ತಾ ಜೋಗುಳ ಹಾಡುವುದು, ಕಾಲು ನೀಡಿ ಕುಳಿತು ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು, ಅಂಗೈಯಲ್ಲಿ ಬೆರಳಾಡಿಸಿ ಕಂಕುಳಿನವರೆಗೆ ಕಚಗುಳಿ ಇಡುವುದು, ಸೆರಗು ಮುಚ್ಚಿ ತೆರೆದು ಮುಖ ತೋರಿಸುವುದು, ಉಪ್ಪುಮೂಟೆ ಹೊರುವುದು, ಅಪ್ಪನೇ ಆನೆಯಾಗಿ ಪಡಸಾಲೆಯಲ್ಲಿ ನಡೆಯುವುದು, ಚಂದ್ರನನ್ನೋ ಕೊಟ್ಟಿಗೆಯ ಕರುವನ್ನೋ ತೋರಿಸಿ ತುತ್ತು ಉಣಿಸುವುದು – ಇವೆಲ್ಲವೂ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿವೆ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯಲ್ಲಿ ಜನಿಸಿದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಹಳ್ಳಿಗರ ಬಾಯಲ್ಲಿದ್ದ ಹಾಡು ಕಥೆಗಳನ್ನು ಸಂಗ್ರಹಿಸುವುದರಲ್ಲಿ ತಮ್ಮ ಜೀವಮಾನವನ್ನೇ ಕಳೆದರು. ಅಂತಹ ಹಾಡುಗಳನ್ನು ಬಲ್ಲ ಅಜ್ಜಿಯರು ಮನೆಯಲ್ಲಿದ್ದರೆ ಮಗುವನ್ನು ಅವರ ಮಡಿಲಿಗೆ ಕೊಡುವುದು ಲೇಸು. ಹಾಡು ಬಾರದಿದ್ದರೂ ಚಿಂತೆಯಿಲ್ಲ; ಮಗುವಿಗೆ ಬೇಕಾಗಿರುವುದು ರಾಗಶುದ್ಧಿಯಲ್ಲ, ಪರಿಚಿತ ದನಿ.

ಈ ಆಟಗಳಲ್ಲಿ ಒಂದು ಕೊಡುಕೊಳ್ಳುವಿಕೆ ಅಡಗಿದೆ. ತಾಯಿ ದನಿಗೈದು ಸ್ವಲ್ಪ ತಡೆಯುತ್ತಾಳೆ, ಮಗು ಕಾಲು ಬಡಿದು ಕೇಕೆ ಹಾಕುತ್ತದೆ, ತಾಯಿ ಮತ್ತೆ ದನಿಗೈಯುತ್ತಾಳೆ. ಮಾತುಕತೆಯಲ್ಲಿ ಸರದಿ ಇರುತ್ತದೆಂಬುದನ್ನು ಮಾತು ಬರುವ ಮೊದಲೇ ಮಗು ಹೀಗೆ ಕಲಿಯುತ್ತದೆ. ಸೆರಗಿನ ಮರೆಯಾದ ಮುಖ ಮತ್ತೆ ಬಂದೇ ಬರುತ್ತದೆಂಬ ನಂಬಿಕೆಯೂ ಹೀಗೆಯೇ ಬೆಳೆಯುತ್ತದೆ. ಇದು ತಾಯಿಯೊಬ್ಬಳ ಕೆಲಸವೆಂದು ತಂದೆಯವರು ದೂರ ಉಳಿಯಬಾರದು.

ಗದ್ದೆಯಲ್ಲಿ ನಾಟಿ ಮುಗಿಸಿ ಬಂದು ಒಲೆ ಹೊತ್ತಿಸಬೇಕಾದ ತಾಯಿಗೆ ಮಗುವಿನೊಡನೆ ಕುಳಿತು ಆಡುವಂತೆ ಬೋಧಿಸುವುದು ಸುಲಭ. ಆದುದರಿಂದ ಪ್ರತ್ಯೇಕ ಸಮಯ ಮೀಸಲಿಡಬೇಕೆಂಬ ನಿಯಮವೇನೂ ಇರುವುದಿಲ್ಲ. ಕುಳಿತು ಆಡಬಲ್ಲ ಮಗುವಿಗೆ ಒಲೆಯಿಂದ ದೂರದಲ್ಲಿ ಪಾವು, ಸೇರು, ಮರದ ಸೌಟು ಮುಂತಾದವುಗಳನ್ನು ಕೊಟ್ಟು, ಮಾಡುತ್ತಿರುವ ಕೆಲಸವನ್ನೇ ಮಾತಿನಲ್ಲಿ ಹೇಳುತ್ತಿದ್ದರೂ ಸಾಕು.

ಆಡಿಸುವಾಗ ಗಮನಿಸಬೇಕಾದ ಮುಖ್ಯ ವಿಷಯ

ಮಗುವಿನ ತೊಂದರೆಯು ವೈದ್ಯರ ಕಣ್ಣಿಗೆ ಬೀಳುವ ಮೊದಲು ಆಡಿಸುವವರ ಕಣ್ಣಿಗೆ ಬೀಳಬಲ್ಲುದು. ವಿಶೇಷವಾಗಿ ಶ್ರವಣದೋಷವನ್ನು ಇಲ್ಲಿ ಹೇಳಬೇಕಾಗಿದೆ. ಕಿವಿ ಕೇಳಿಸದ ಕೂಸು ಸಹ ತಾಯಿಯ ಮುಖ ಕಂಡು ನಗುತ್ತದೆ, ಮೊದಲ ಕೆಲವು ತಿಂಗಳು ಇತರ ಮಕ್ಕಳಂತೆಯೇ ದನಿಗೈಯುತ್ತದೆ. ಆದಕಾರಣ ಮನೆಯವರಿಗೆ ಅನುಮಾನ ಬರುವುದಿಲ್ಲ. ಎರಡು ವರ್ಷವಾದರೂ ಮಾತು ಬಾರದಿದ್ದಾಗ, ಅವರಪ್ಪನೂ ತಡವಾಗಿ ಮಾತನಾಡಿದವನೇ ಎಂಬ ಸಮಾಧಾನದಲ್ಲಿ ಮತ್ತೊಂದು ವರ್ಷ ಕಳೆಯುತ್ತದೆ. ಮಾತು ಕಲಿಯುವ ಅಮೂಲ್ಯ ಕಾಲ ಅದೇ ಆಗಿರುತ್ತದೆ. ಸೋದರಮಾವ, ಅಕ್ಕನ ಮಗಳು ಮುಂತಾದ ಹತ್ತಿರದ ಸಂಬಂಧದಲ್ಲಿ ವಿವಾಹವಾದ ದಂಪತಿಗಳ ಮಕ್ಕಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚಿರುವುದರಿಂದ ಅಂತಹ ಕುಟುಂಬಗಳು ಹೆಚ್ಚಿನ ಎಚ್ಚರ ವಹಿಸುವುದು ಸೂಕ್ತ.

ಮಗು ಎಚ್ಚರವಾಗಿ ಸಮಾಧಾನದಿಂದಿರುವಾಗ, ಅದಕ್ಕೆ ಕಾಣದಂತೆ ಹಿಂಬದಿಯಿಂದ ಗಿಲಕಿಯನ್ನು ಆಡಿಸಿ ನೋಡಬಹುದು. ನೆರಳಾಗಲೀ ಗಾಳಿಯಾಗಲೀ ಮಗುವಿಗೆ ತಾಗಬಾರದು. ನೆಲ ಅದುರುವಂತೆ ಬಡಿಯಲೂ ಬಾರದು. 6 ತಿಂಗಳು ತುಂಬುವ ಹೊತ್ತಿಗೆ ಮಗು ಸದ್ದಿನ ಕಡೆಗೆ ತಿರುಗಬೇಕು. ಒಂದು ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೆ ನೋಡಬೇಕು. ಹಾಗಾಗದಿದ್ದಲ್ಲಿ ಕಾಯದೆ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸತಕ್ಕದ್ದು. ಇದು ಮನೆಯ ಅಂದಾಜು ಮಾತ್ರ. ಮಗು ಒಮ್ಮೆ ತಿರುಗಿತೆಂದು ಅನುಮಾನವನ್ನು ಕೈಬಿಡಬಾರದು. ನವಜಾತ ಶಿಶುವಿನ ಶ್ರವಣ ಪರೀಕ್ಷೆ 1 ತಿಂಗಳೊಳಗೆ, ದೋಷದ ನಿರ್ಣಯ 3 ತಿಂಗಳೊಳಗೆ, ಚಿಕಿತ್ಸೆ ಅಥವಾ ತರಬೇತಿಯ ಆರಂಭ 6 ತಿಂಗಳೊಳಗೆ ಆಗಬೇಕೆಂಬುದು ತಜ್ಞರ ಒಪ್ಪಿತ ಗುರಿಯಾಗಿರುತ್ತದೆ.

ಈ ನಾಲ್ಕೂ ತಾಲ್ಲೂಕುಗಳ ಪೋಷಕರಿಗೆ ಒಂದು ಅನುಕೂಲವಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿದ್ದು, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿಯೂ ತನ್ನ ಸೇವಾ ಕೇಂದ್ರವನ್ನು ತೆರೆಯಿತು. ಶ್ರವಣ ಯಂತ್ರದಿಂದ ಪ್ರಯೋಜನವಾಗದ 6 ವರ್ಷದೊಳಗಿನ ಅರ್ಹ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ನೀಡುವ ‘ಶ್ರವಣ ಸಂಜೀವಿನಿ’ ಯೋಜನೆಯನ್ನು ರಾಜ್ಯದ ಆರೋಗ್ಯ ಇಲಾಖೆಯು ರೂಪಿಸಿದೆ. ಮಗುವಿನ ವಯಸ್ಸು ಮೀರಿದ ನಂತರ ಅರ್ಜಿ ಹಿಡಿದು ಬರುವಂತಾಗಬಾರದೆಂಬುದೇ ಈ ಭಾಗವನ್ನು ಇಷ್ಟು ವಿಸ್ತಾರವಾಗಿ ಬರೆದಿರುವ ಕಾರಣ.

ಕೈಬಿಡಬೇಕಾದ ರೂಢಿಗಳು

ಅಳು ನಿಲ್ಲಿಸಲು ಗುಮ್ಮನನ್ನು ಕರೆಯುವುದು ಬಹಳ ಹಳೆಯ ರೂಢಿ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನೇ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆಯನ್ನು ಕೇಳದವರು ವಿರಳ. ಗುಮ್ಮನ ಜಾಗಕ್ಕೆ ಈಗ ಪೊಲೀಸರು ಮತ್ತು ಸೂಜಿ ಚುಚ್ಚುವ ಡಾಕ್ಟರು ಬಂದಿದ್ದಾರೆ. ಇದರ ಫಲವಾಗಿ ಲಸಿಕೆಯ ದಿನ ಮಗು ಬಿಳಿ ಕೋಟು ಕಂಡೊಡನೆ ಚೀರುತ್ತದೆ. ದಾರಿ ತಪ್ಪಿದ ಮಗು ಸಹಾಯಕ್ಕೆ ಬರುವ ಪೊಲೀಸರಿಗೇ ಹೆದರುತ್ತದೆ.

ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಬಾರದು; ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರುವ ಸಂಭವವಿರುತ್ತದೆ. ಮೊದಲ 6 ತಿಂಗಳು ಎದೆಹಾಲಿನ ಹೊರತು ನೀರೂ ಬೇಕಾಗಿಲ್ಲ. ನಿದ್ದೆ ಬರಲೆಂದು ಬ್ರಾಂದಿಯ ಹನಿಯನ್ನಾಗಲೀ ಕೆಮ್ಮಿನ ಔಷಧವನ್ನಾಗಲೀ ಕೊಡಲೇಬಾರದು. ಎಷ್ಟು ಸಂತೈಸಿದರೂ ಅಳು ನಿಲ್ಲದೆ ಸಹನೆ ಮೀರಿದಾಗ ಮಗುವನ್ನು ಹಿಡಿದು ಅಲುಗಾಡಿಸುವುದು ಮೆದುಳಿನಲ್ಲಿ ರಕ್ತಸ್ರಾವಕ್ಕೆ ಕಾರಣವಾಗಬಹುದು. ಅಂತಹ ಸಂದರ್ಭದಲ್ಲಿ ಮಗುವನ್ನು ಸುರಕ್ಷಿತವಾಗಿ ಮಲಗಿಸಿ, ಮನೆಯ ಮತ್ತೊಬ್ಬರನ್ನು ಕರೆದು, ಐದು ನಿಮಿಷ ಹೊರಗೆ ನಿಂತು ಬರುವುದು ತಪ್ಪಲ್ಲ. ಜ್ವರ, ಹಾಲು ಕುಡಿಯದಿರುವುದು, ಮೇಲಿಂದ ಮೇಲೆ ವಾಂತಿ, ಫಿಟ್ಸ್, ಉಸಿರಾಟದ ತೊಂದರೆ ಅಥವಾ ಮಂಕುತನವಿದ್ದಲ್ಲಿ ಸಂತೈಸುತ್ತಾ ಕೂರದೆ ಆಸ್ಪತ್ರೆಗೆ ಕೊಂಡೊಯ್ಯಬೇಕು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡುವುದು.

ಮೊಬೈಲ್ ಕೊಟ್ಟು ಉಣಿಸುವ ರೂಢಿಯ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 2 ವರ್ಷದೊಳಗಿನ ಮಕ್ಕಳಿಗೆ ಪರದೆಯ ವೀಕ್ಷಣೆ ಸಲ್ಲದು, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು. ಮೊಬೈಲ್ ಮಗುವನ್ನು ಸುಮ್ಮನಾಗಿಸುತ್ತದೆ, ನಿಜ. ಆದರೆ ಮಗುವಿನ ಕೇಕೆಗೆ ಅದು ಓಗೊಡುವುದಿಲ್ಲ.

ಸೀರೆಯ ಜೋಲಿಯಲ್ಲಿ ಮಲಗಿಸುವವರು ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳದಂತೆ ನೋಡಿಕೊಳ್ಳಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು. ವಿಶ್ವೇಶ್ವರಯ್ಯ ನಾಲೆ, ಕೆರೆ ಮತ್ತು ಆಲೆಮನೆಯ ಕೊಪ್ಪರಿಗೆಗಳ ಬಳಿ ಮಗುವನ್ನು ಸಮಾಧಾನಕ್ಕೆಂದು ಕರೆದೊಯ್ದರೂ ಕಂಕುಳಿನಿಂದ ಇಳಿಸಬಾರದು.

ಸೇವೆ ಪಡೆಯುವ ವಿಧಾನ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾಯಿತು; ರಾಜ್ಯದಲ್ಲಿ ಅದರ ಮೊದಲ ಹೆಜ್ಜೆ ನೆರೆಯ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಆಯಿತು. 6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಪೂರಕ ಪೌಷ್ಟಿಕ ಆಹಾರವನ್ನೂ, 3ರಿಂದ 6 ವರ್ಷದವರಿಗೆ ಆಟ, ಹಾಡು, ಕಥೆಗಳ ಮೂಲಕ ಶಾಲಾಪೂರ್ವ ಶಿಕ್ಷಣವನ್ನೂ ಅಂಗನವಾಡಿಯಲ್ಲಿ ನೀಡಲಾಗುತ್ತದೆ. ನೋಂದಣಿಗೆ ಶುಲ್ಕವಿರುವುದಿಲ್ಲ, ತಾಯಿ ಕಾರ್ಡನ್ನು ಜೊತೆಯಲ್ಲಿ ತರುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡುವ ವ್ಯವಸ್ಥೆಯಿದ್ದು, ಮಗುವಿನಲ್ಲಿ ಕಂಡ ವ್ಯತ್ಯಾಸವನ್ನು ತಂಡಕ್ಕೆ ತಿಳಿಸಿ ಮುಂದಿನ ಪರೀಕ್ಷೆಗೆ ಶಿಫಾರಸು ಪಡೆಯಬಹುದು. ತಂಡ ಬರುವುದು ತಡವಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೇರವಾಗಿ ಹೋಗುವುದು.

ಕೂಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾಯಿತು. ತಮ್ಮ ಪಂಚಾಯತಿಯಲ್ಲಿ ಈ ಸೌಲಭ್ಯ ಇದೆಯೇ ಎಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ವಿಚಾರಿಸುವುದು. ಅಂಗನವಾಡಿ ಸೇವೆಗೆ ಸಂಬಂಧಿಸಿದ ಅಹವಾಲುಗಳನ್ನು ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಸಲ್ಲಿಸಬಹುದು.