ಪಾಷಾಣದ ನೀರಿಗೆ ಬಿಸಿಲಿನ ಮದ್ದು

ಹೊನ್ನವಳ್ಳಿಯ ಸುತ್ತಮುತ್ತ ತೆಂಗಿನ ತೋಟಕ್ಕೆಂದು ಕೊರೆಸಿದ ಕೊಳವೆಬಾವಿಯ ನೀರನ್ನೇ ಮನೆಗೂ ತರುವುದುಂಟು. ನೀರು ತಿಳಿಯಾಗಿದ್ದು ರುಚಿ ಕೆಡದಿದ್ದರೆ ಕುಡಿಯಬಹುದೆಂದು ತಾವೂ ನಂಬಿರಬಹುದು. ಆದರೆ ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯೂ ಇಲ್ಲ. ಹಳಬರು ಪಾಷಾಣ ಎಂದದ್ದು ಇದರ ಸಂಯುಕ್ತವನ್ನೇ.

ನಮ್ಮ ರಾಜ್ಯದಲ್ಲಿ ಇದು ಕಾಡಿದ್ದು ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾವನ್ನು. ಹತ್ತಿರದ ಮಂಗಳೂರಿನಲ್ಲಿ (ಕರಾವಳಿಯದಲ್ಲ, ಅದೇ ಸೀಮೆಯ ಹಳ್ಳಿ) ಹಿಂದೆ ಚಿನ್ನದ ಗಣಿಯಿತ್ತು. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ ಸೇರಿದ ಖನಿಜವೂ ಇರುವುದು ಸಾಮಾನ್ಯ. ಅಲ್ಲಿನ ಜನರ ಅಂಗೈ ಅಂಗಾಲುಗಳು ಗಡುಸಾದವು, ಮೈಮೇಲೆ ಕಲೆಗಳೆದ್ದವು. ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು.

ಇನ್ನು ಬೆಳಕಿನ ಕಥೆ. ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಬಿಳಿ ಬಣ್ಣ ತಯಾರಿಸಲು ಬಳಸುವ ಟೈಟೇನಿಯಂ ಡೈಆಕ್ಸೈಡ್ ಮೇಲೆ ನೇರಳಾತೀತ ಕಿರಣ ಬಿದ್ದರೆ ನೀರೇ ಒಡೆದು ಅನಿಲವಾಗುತ್ತದೆ! ಈ ವಸ್ತು ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುತ್ತದೆ. ಇಂಥದಕ್ಕೆ ವೇಗವರ್ಧಕವೆಂದು ಹೆಸರು. ಮುಂದೆ ವಿಜ್ಞಾನಿಗಳು ಇದನ್ನು ಆರ್ಸೆನಿಕ್‌ಗೂ ಪ್ರಯೋಗಿಸಿದರು. ಅಂತರ್ಜಲದಲ್ಲಿ ಆರ್ಸೆನಿಕ್ ಬಹುಪಾಲು ವಿದ್ಯುದಂಶವಿಲ್ಲದ ಆರ್ಸೆನೈಟ್ ರೂಪದಲ್ಲಿದ್ದರೆ ಸೋಸುವ ಪದಾರ್ಥಗಳಿಗೆ ಸುಲಭವಾಗಿ ಅಂಟುವುದಿಲ್ಲ. ಬೆಳಕು ಬಿದ್ದಾಗ ಅದು ಆರ್ಸೆನೇಟ್ ಆಗುತ್ತದೆ, ಕಬ್ಬಿಣದ ತುಕ್ಕಿಗೂ ಹಿಡಿದುಕೊಳ್ಳುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಯಿದೆ. ಬೆಳಕು ವಿಷವನ್ನು ಸುಡುವುದಿಲ್ಲ. ಆರ್ಸೆನಿಕ್ ಮೂಲವಸ್ತು, ಅದು ನಾಶವಾಗದು. ರೂಪ ಬದಲಾಯಿಸಿ ಸಿಕ್ಕಿಬೀಳುತ್ತದೆ ಅಷ್ಟೆ. ಹಿಡಿದಿಟ್ಟ ಕೆಸರನ್ನು ಎಲ್ಲಿ ಚೆಲ್ಲಬೇಕೆಂಬ ಚಿಂತೆ ಉಳಿದೇ ಇರುತ್ತದೆ. ಬಿಸಿಲಿನಲ್ಲಿ ನೇರಳಾತೀತ ಕಿರಣದ ಪಾಲು ನೂರಕ್ಕೆ ಸುಮಾರು ಐದು ಮಾತ್ರ. ಪುಡಿಯನ್ನು ನೀರಿನಿಂದ ಮತ್ತೆ ಬೇರ್ಪಡಿಸುವುದೂ ಸಲೀಸಲ್ಲ. ಹೀಗಾಗಿ ಈ ವಿದ್ಯೆ ಪ್ರಯೋಗಾಲಯ ದಾಟಿ ಹಳ್ಳಿಯ ಮನೆಗಳಿಗೆ ಹರಡಲಿಲ್ಲ.

ಇದರದೇ ಬಡವರ ಪಾಠಾಂತರವೆನ್ನಬಹುದಾದ ಒಂದು ಉಪಾಯವನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬಾಂಗ್ಲಾದೇಶದಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಕಬ್ಬಿಣದ ಅಂಶವಿರುವ ನೀರನ್ನು ಬಾಟಲಿಗೆ ತುಂಬಿ, ಕೆಲವು ಹನಿ ನಿಂಬೆರಸ ಹಿಂಡಿ, ಬಿಸಿಲಿಗಿಟ್ಟರೆ ತಳದಲ್ಲಿ ಕೂರುವ ತುಕ್ಕಿನೊಂದಿಗೆ ಅರ್ಧದಿಂದ ಮುಕ್ಕಾಲು ಪಾಲು ಆರ್ಸೆನಿಕ್ ಇಳಿಯುತ್ತದೆ. ವಿಷ ಹೆಚ್ಚಿರುವ ಬಾವಿಗೆ ಇದು ಸಾಲದು.

ಹಾಗಾದರೆ ತೆಂಗಿನ ಸೀಮೆಯವರು ಬಾಟಲಿಗಳನ್ನು ಬಿಸಿಲಿಗಿಡಬೇಕೆ? ಬೇಡ. ತುಮಕೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ತೊಂದರೆ ಫ್ಲೋರೈಡ್. ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿಸಿ, ಮೂಳೆಯನ್ನು ಬಿಗಿಸುವುದು ಅದೇ. ಫ್ಲೋರೈಡ್‌ಗೆ ಬದಲಾಗಲು ಇನ್ನೊಂದು ರೂಪವಿಲ್ಲದ್ದರಿಂದ ಈ ಬೆಳಕಿನ ವಿದ್ಯೆ ಅದರ ಮುಂದೆ ನಡೆಯದು. ಅದಕ್ಕೆ ಪಟಿಕ ಮತ್ತು ಸುಣ್ಣ ಬೆರೆಸಿ ತಿಳಿಗೊಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿತು. ಎಷ್ಟು ಪಟಿಕ, ಎಷ್ಟು ಸುಣ್ಣ ಎಂಬುದು ಆಯಾ ಬಾವಿಯ ನೀರಿನ ಪರೀಕ್ಷೆಯಿಂದಲೇ ಗೊತ್ತಾಗಬೇಕು.