ಫೋನಿನ ಆ ತುದಿಯಲ್ಲಿ ಯಾರಿದ್ದಾರೆ?

ದೂರವಾಣಿಯ ಚರಿತ್ರೆ ಎಂದರೆ ಗ್ರಹಾಂ ಬೆಲ್, ತಂತಿ, ಉಪಗ್ರಹ, ಮೊಬೈಲ್ ಗೋಪುರ ಇವುಗಳ ಕಥೆ ಎಂದು ಭೌತಶಾಸ್ತ್ರದವರಾದ ನಾವು ಭಾವಿಸಿಬಿಡುತ್ತೇವೆ. ಅದಕ್ಕೆ ಇನ್ನೊಂದು ಮಗ್ಗುಲೂ ಇದೆ. 1985ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ರಯಾನ್ ವೈಟ್ ಎಂಬ 13 ವರ್ಷದ ಹುಡುಗನನ್ನು ಶಾಲೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಹಿಮೋಫಿಲಿಯ ಇದ್ದ ಅವನಿಗೆ ಚಿಕಿತ್ಸೆಗೆ ಬಳಸಿದ ರಕ್ತದ ಉತ್ಪನ್ನದಿಂದ ಎಚ್‌ಐವಿ ತಗುಲಿತ್ತು. ಕಲಿಕೆಗೆ ಮಾಡಿದ ಏರ್ಪಾಡು ಏನು ಗೊತ್ತೆ? ಮನೆಯಲ್ಲೇ ಕುಳಿತು ಫೋನಿನಲ್ಲಿ ಪಾಠ ಕೇಳುವುದು! ಜನರನ್ನು ಹತ್ತಿರ ತರಬೇಕಾದ ಸಾಧನ ಒಬ್ಬ ಬಾಲಕನನ್ನು ದೂರವಿಡಲು ಬಳಕೆಯಾಯಿತು. ನ್ಯಾಯಾಲಯದಲ್ಲಿ ಹೋರಾಡಿ ಅವನು ಶಾಲೆಗೆ ಮರಳಿದ, 1990ರಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. ಪತ್ತೆ ಮಾಡಿದವರು ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ದೊರೆಯಲು ಮತ್ತೆ 18 ವರ್ಷ ಬೇಕಾಯಿತು. 2004ರ ಏಪ್ರಿಲ್ 1ರಂದು ಎಂಟು ಕೇಂದ್ರಗಳಲ್ಲಿ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅವುಗಳಲ್ಲೊಂದು. ಮಕ್ಕಳಿಗಾಗಿಯೇ ರೂಪಿಸಿದ ರಾಷ್ಟ್ರೀಯ ಕಾರ್ಯಕ್ರಮ ಬಂದುದು 2006ರ ನವೆಂಬರಿನಲ್ಲಿ. ಅದಕ್ಕೆ ಮೊದಲು ದೊಡ್ಡವರ ಗುಳಿಗೆಯನ್ನೇ ಮುರಿದು ಮಕ್ಕಳಿಗೆ ಕೊಡುವುದು ಸಾಮಾನ್ಯವಾಗಿತ್ತು.

ಔಷಧದಿಂದ ಮಕ್ಕಳು ಉಳಿದರು, ಬೆಳೆದರು, ಹದಿಹರೆಯಕ್ಕೆ ಕಾಲಿಟ್ಟರು. ಚರಿತ್ರೆಯಲ್ಲಿ ಇದು ಹೊಸ ಸನ್ನಿವೇಶ. ಹುಟ್ಟಿನಿಂದಲೇ ವೈರಸ್ ಹೊತ್ತು 15 ವರ್ಷ ತಲಪುವವರ ಪೀಳಿಗೆಯೊಂದನ್ನು ವೈದ್ಯಲೋಕ ಮೊದಲು ನಿರೀಕ್ಷಿಸಿರಲೇ ಇಲ್ಲ.

ಈಗ ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ನೋಡಿ. ಅಡಿಕೆಯ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿ, ಮಳೆ ಕಡಿಮೆಯ ಜಗಳೂರು. ಎಲ್ಲವೂ ಜಿಲ್ಲಾ ಕೇಂದ್ರದಿಂದ ಸುಮಾರು 50 ಕಿಲೋಮೀಟರ್ ಆಸುಪಾಸಿನಲ್ಲಿವೆ. ಗುಳಿಗೆ ತರಲು ಹೊರಟ ಹುಡುಗಿಗೆ ಬಸ್ಸಿನಲ್ಲಿ ಪರಿಚಯದವರು ಸಿಗುತ್ತಾರೆ. "ಎಲ್ಲಿಗೆ ಹೊಂಟಿದ್ದೀಯವ್ವ?" ಎಂದು ಅಕ್ಕರೆಯಿಂದಲೇ ಕೇಳುತ್ತಾರೆ. ಆ ಪ್ರಶ್ನೆಗೆ ಪ್ರತಿ ಸಲವೂ ಹೊಸ ಸುಳ್ಳು ಬೇಕು. ಶಾಲೆಯಲ್ಲಿ ರಜೆಗೆ ಇನ್ನೊಂದು. ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರು ಎಷ್ಟೇ ಒಳ್ಳೆಯವರಾದರೂ ಆ ಬಾಗಿಲ ಮುಂದೆ ನಿಲ್ಲುವುದೇ ಕಷ್ಟ. ಊರು ಚಿಕ್ಕದಾದಷ್ಟೂ ಗುಟ್ಟಿನ ಭಾರ ಹೆಚ್ಚು.

ಮೊಬೈಲ್ ಬಂದಾಗ ಇದಕ್ಕೆ ಪರಿಹಾರ ಸಿಕ್ಕಿತೆಂದು ಅನೇಕರಿಗೆ ಅನ್ನಿಸಿದ್ದು ಸಹಜ. ಹಾಗೆಂದು ಸುಮ್ಮನೆ ನಂಬದೆ ಪರೀಕ್ಷಿಸಿ ನೋಡಿದ ಶ್ರೇಯಸ್ಸು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನಿತಾ ಶೆಟ್ ಮತ್ತು ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಹೋದ್ಯೋಗಿಗಳದು. ದಕ್ಷಿಣ ಭಾರತದ ಮೂರು ಚಿಕಿತ್ಸಾಲಯಗಳಲ್ಲಿ ಹೊಸದಾಗಿ ಚಿಕಿತ್ಸೆ ಆರಂಭಿಸಿದ 631 ವಯಸ್ಕರನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಮ್ಮೆ ಯಂತ್ರದ ಧ್ವನಿಕರೆ, ಜೊತೆಗೊಂದು ಚಿತ್ರಸಂದೇಶ. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. 96 ವಾರಗಳ ಬಳಿಕ ಚಿಕಿತ್ಸೆ ವಿಫಲವಾಗುವ ದರ ವರ್ಷಕ್ಕೆ 100 ಜನರಲ್ಲಿ ಸುಮಾರು 10.5 ಮತ್ತು 10.7. ಅಂದರೆ ವ್ಯತ್ಯಾಸವೇ ಇಲ್ಲ! ಈ ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 'ಫಲವಿಲ್ಲ' ಎಂಬ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸುವುದು ಒಳ್ಳೆಯ ವಿಜ್ಞಾನದ ಗುರುತು. ಮೈಕೆಲ್ಸನ್ ಮತ್ತು ಮಾರ್ಲೆಯವರ ಪ್ರಯೋಗವನ್ನು ಪಾಠ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಪ್ರಯೋಗ ಆಫ್ರಿಕದ ಜಿಂಬಾಬ್ವೆಯಲ್ಲಿ ನಡೆಯಿತು. 2004ರಲ್ಲಿ ಅಲ್ಲಿ ಹುಟ್ಟಿದ ಕಾರ್ಯಕ್ರಮದ ಹೆಸರು 'ಜ್ವಾಂದಿರಿ'. ಶೋನಾ ಭಾಷೆಯಲ್ಲಿ 'ನಾನಿರುವಂತೆಯೇ' ಎಂದು ಅರ್ಥ. ಎಚ್‌ಐವಿಯೊಂದಿಗೇ ಬೆಳೆದ, 18ರಿಂದ 24ರ ಹರೆಯದ ಯುವಕ ಯುವತಿಯರು ತರಬೇತಿ ಪಡೆದು ತಮಗಿಂತ ಕಿರಿಯರ ಕೈಹಿಡಿಯುತ್ತಾರೆ. ಮನೆಗೆ ಹೋಗುತ್ತಾರೆ, ಫೋನು ಮತ್ತು ಸಂದೇಶಗಳ ಮೂಲಕ ಸಂಪರ್ಕದಲ್ಲಿರುತ್ತಾರೆ. ಬಿಂದುರಾ ಮತ್ತು ಶಾಮ್ವಾ ಎಂಬ ಗ್ರಾಮೀಣ ಜಿಲ್ಲೆಗಳಲ್ಲಿ 96 ವಾರಗಳ ಕೊನೆಗೆ ವೈರಸ್ ಹತೋಟಿಗೆ ಬಾರದಿದ್ದವರು ಅಥವಾ ಮೃತರಾದವರು ಎಂದಿನ ಆರೈಕೆಯ ಗುಂಪಿನಲ್ಲಿ ಶೇಕಡಾ 36, ಜೊತೆಗಾರರಿದ್ದ ಗುಂಪಿನಲ್ಲಿ ಶೇಕಡಾ 25.

ದೇಶ ಬೇರೆ, ವಯಸ್ಸು ಬೇರೆ. ಎರಡು ಪ್ರಯೋಗಗಳನ್ನು ನೇರವಾಗಿ ತಕ್ಕಡಿಗೆ ಹಾಕುವುದು ಸರಿಯಲ್ಲ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಗುಳಿಗೆ ಮರೆತವನಿಗೆ ನೆನಪಿಸಬಹುದು. ನುಂಗಲು ಮನಸ್ಸಿಲ್ಲದವನಿಗೆ ಗಂಟೆ ಬಾರಿಸಿ ಏನು ಪ್ರಯೋಜನ? "ಅಪ್ಪ ಅಮ್ಮ ಇಲ್ಲ, ನಾನೇಕೆ ನುಂಗಲಿ?" ಎನ್ನುವ ಹುಡುಗನಿಗೆ ಉತ್ತರ ಕೊಡಬಲ್ಲವನು ಅದೇ ಪ್ರಶ್ನೆಯನ್ನು ದಾಟಿ ಬಂದ ಅಣ್ಣನೊಬ್ಬ ಮಾತ್ರ. ನಮ್ಮ ರಾಜ್ಯದಲ್ಲೂ 'ಐಯಾಮ್ ಪಾಸಿಬಲ್ ಫೆಲೋಶಿಪ್' ಎಂಬ ಕಾರ್ಯಕ್ರಮ ಇದೇ ದಾರಿಯಲ್ಲಿ ನಡೆದಿದೆ.

ಆ ಅಣ್ಣ ಹೇಳಬೇಕಾದ ಮಾತಿಗೆ ವಿಜ್ಞಾನದ ಗಟ್ಟಿ ಆಧಾರವಿದೆ. ಔಷಧದಿಂದ ರಕ್ತದಲ್ಲಿನ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಅದು ಹರಡುವುದಿಲ್ಲ. ಪಕ್ಕದಲ್ಲಿ ಕೂರುವುದು, ಒಟ್ಟಿಗೆ ಉಣ್ಣುವುದರಿಂದ ಎಂದೂ ಹರಡಿದ್ದಿಲ್ಲ.

ಉಳಿದದ್ದು ಸಣ್ಣ ವಿಷಯಗಳು, ಆದರೆ ಅಲ್ಲೇ ತೊಡಕು. ಹಳ್ಳಿಯ ಮನೆಯಲ್ಲಿ ಒಂದೇ ಫೋನಿದ್ದು ಅದು ಚಿಕ್ಕಪ್ಪನ ಜೇಬಿನಲ್ಲಿದ್ದರೆ? ವಾಟ್ಸಾಪ್ ಗುಂಪಿನ ಹೆಸರು ಪರದೆಯ ಮೇಲೆ ಕಾಣಿಸಿದರೆ? ಗುಂಪಿನಲ್ಲಿ ಒಬ್ಬರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಪರದೆಯ ಚಿತ್ರ ತೆಗೆಯಲು ಒಂದು ಕ್ಷಣ ಸಾಕು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ತಾರತಮ್ಯವನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಯಲು ಮಾಡುವುದನ್ನೂ ತಡೆದಿದೆ. ಮನೆಯ ಹೊಣೆ ಹೊತ್ತ, ತಿಳಿವಳಿಕೆಯುಳ್ಳ 12ರಿಂದ 18 ವರ್ಷದ ಅಕ್ಕನೋ ಅಣ್ಣನೋ ಕಿರಿಯರಿಗೆ ಪೋಷಕರಾಗಬಹುದೆಂದೂ ಅದು ಹೇಳುತ್ತದೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾಯಿದೆಗಳು ಅಪರೂಪ.

ಓದುಗರಲ್ಲಿ ಶಿಕ್ಷಕರೂ ನಿಲಯಪಾಲಕರೂ ಇದ್ದೀರಿ. ವಿದ್ಯಾರ್ಥಿನಿಲಯದಲ್ಲಿ ಮೊಬೈಲ್ ನಿಷಿದ್ಧವಾಗಿದ್ದರೆ ಅಲ್ಲಿನ ಹುಡುಗ ವಾರಕ್ಕೊಮ್ಮೆ ತನ್ನ ಜೊತೆಗಾರನೊಡನೆ ಹೇಗೆ ಮಾತಾಡಬೇಕು? 2014ರ ಡಿಸೆಂಬರ್ 1ರಂದು ಆರಂಭವಾದ 1097 ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ. ಆದರೆ ನಿಲಯದ ಕಚೇರಿಯಲ್ಲಿ, ನಾಲ್ಕು ಜನರೆದುರು, ಆ ನಾಲ್ಕು ಅಂಕಿಗಳನ್ನು ಯಾವ ಹುಡುಗನೂ ಒತ್ತಲಾರ.